ಸಹಾನುಭೂತಿ ಎಂದರೇನು?

ಮಾನವನು ಸಮಾಜಜೀವಿ. ತಾಯಿಯ ಮಡಿಲಿನಿಂದ ಮನೆಗೆ, ಮನೆಯಿಂದ ನೆರೆಹೊರೆಗೆ, ನೆರೆಹೊರೆಯಿಂದ ಶಾಲೆಗೆ, ಶಾಲೆಯಿಂದ ವಿಶಾಲವಾದ ಜಗತ್ತಿಗೆ ಅವನು ಕಾಲಿಡುತ್ತಾನೆ. ಎಲ್ಲಿ ಹೋದರೂ ಅವನಿಗೆ ಇತರರ ಸಂಗಡ ಬಾಳುವುದು ಅನಿವಾರ್ಯ. ಹೀಗೆ ಕೂಡಿ ಬಾಳಲು ಬೇಕಾದ ಗುಣಗಳಲ್ಲಿ ಸಹಾನುಭೂತಿಯು ಬಹು ಮುಖ್ಯವಾದುದು. ಈ ಪದವನ್ನು ನಾವು ಸಭೆಗಳಲ್ಲಿ ಕೇಳುತ್ತೇವೆ, ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಪರೀಕ್ಷೆಯಲ್ಲಿ "ಸಹಾನುಭೂತಿ ಎಂದರೇನು?" ಎಂಬ ಎರಡು ಅಂಕದ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು "ಇನ್ನೊಬ್ಬರನ್ನು ಕಂಡು ಕನಿಕರ ಪಡುವುದು" ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆ ಉತ್ತರಕ್ಕೆ ಒಂದು ಅಂಕ ಸಿಕ್ಕೀತು. ಇನ್ನೊಂದು ಅಂಕ ಎಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪದದ ಅರ್ಥ

ಅನುಭೂತಿ ಎಂದರೆ ಅನುಭವ. ಸಹ ಎಂದರೆ ಜೊತೆ. ಒಬ್ಬನಿಗೆ ಆಗುತ್ತಿರುವ ಅನುಭವದಲ್ಲಿ ಇನ್ನೊಬ್ಬನು ಜೊತೆಯಾಗುವುದೇ ಸಹಾನುಭೂತಿ. ಇದಕ್ಕೆ ಹತ್ತಿರವಾದ ಇನ್ನೊಂದು ಪದ ಅನುಕಂಪ. ಭೂಕಂಪ ಎಂದರೆ ಭೂಮಿಯ ನಡುಕವೆಂದು ನಾವು ಭೂಗೋಳದಲ್ಲಿ ಕಲಿತಿದ್ದೇವೆ. ಇನ್ನೊಬ್ಬನು ನಡುಗುವಾಗ ಅವನ ಹಿಂದೆಯೇ ನಮ್ಮ ಎದೆಯೂ ನಡುಗಿದರೆ ಅದು ಅನುಕಂಪ. ನಮ್ಮ ಹಳ್ಳಿಯ ಹಿರಿಯರಿಗೆ ಈ ಸಂಸ್ಕೃತ ಪದಗಳು ಬೇಕಾಗಿಲ್ಲ. "ಅವನ್ನ ನೋಡಿ ನನ್ನ ಕರುಳು ಚುರ್ ಅಂತು" ಎಂದು ಅವರು ಹೇಳುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆ ಒಳ್ಳೆಯವರನ್ನು ಹೊಗಳುವಾಗ "ಭಾಳ ಅಂತಃಕರಣದ ಮನುಷ್ಯಾ" ಎನ್ನುವುದುಂಟು. ಹಣವಂತ, ವಿದ್ಯಾವಂತ ಎಂಬ ಹೊಗಳಿಕೆಗಿಂತ ಈ ಹೊಗಳಿಕೆಯ ತೂಕ ಹೆಚ್ಚು.

ಹಾಗಾದರೆ ಕನಿಕರಕ್ಕೂ ಸಹಾನುಭೂತಿಗೂ ಏನು ವ್ಯತ್ಯಾಸ? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಜೂನ್ ತಿಂಗಳು. ಗೋವೆಯ ಮಳೆ ಜಡಿದು ಸುರಿಯುತ್ತಿದೆ. ನಿಮ್ಮ ವರ್ಗದ ಒಬ್ಬ ಹುಡುಗನು ಮೂರು ದಿನಗಳಿಂದ ಶಾಲೆಗೆ ಬಂದಿಲ್ಲ. ಅವನ ತಂದೆ ಗೌಂಡಿ ಕೆಲಸದವರು. ಮಳೆಗಾಲದಲ್ಲಿ ಕೆಲಸ ನಿಂತಿದೆ. ಅವರಿರುವ ಬಾಡಿಗೆ ಖೋಲಿಯ ತಗಡು ಸೋರಿ ಪುಸ್ತಕಗಳೆಲ್ಲ ತೊಯ್ದಿವೆ. "ಅಯ್ಯೋ ಪಾಪ" ಎಂದರೆ ಅದು ಕನಿಕರ. ಅದು ತಪ್ಪಲ್ಲ, ಆದರೆ ಅದನ್ನು ಹೇಳಿದ ಮರುಕ್ಷಣವೇ ನಾವು ನಮ್ಮ ಆಟಕ್ಕೆ ಮರಳಬಹುದು. ಅವನ ಸ್ಥಾನದಲ್ಲಿ ನಾನಿದ್ದರೆ ಏನು ಬೇಕೆನಿಸುತ್ತಿತ್ತು ಎಂದು ಯೋಚಿಸಿದಾಗ ಸಹಾನುಭೂತಿಯು ಆರಂಭವಾಗುತ್ತದೆ. ಆಗ ಮೂರು ದಿನದ ಪಾಠಗಳನ್ನು ಅವನಿಗಾಗಿ ಬರೆದಿಡಬೇಕೆಂದು ತೋಚುತ್ತದೆ. ಅವನು ತಿರುಗಿ ಬಂದಾಗ ಎಲ್ಲರ ಮುಂದೆ "ಯಾಕೋ ಬಂದಿಲ್ಲ?" ಎಂದು ಕೇಳದೆ, ಬೆಂಚಿನಲ್ಲಿ ಸರಿದು ಜಾಗ ಕೊಡಬೇಕೆಂದು ತಿಳಿಯುತ್ತದೆ.

ಕನಿಕರದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಸಹಾನುಭೂತಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಆ ಎರಡನೆಯ ಅಂಕ ಇರುವುದು ಇಲ್ಲಿಯೇ.

ಇದು ಹುಟ್ಟುಗುಣವೇ, ಕಲಿತ ಗುಣವೇ?

ತೊಟ್ಟಿಲಲ್ಲಿ ಒಂದು ಕೂಸು ಅತ್ತರೆ ಪಕ್ಕದ ತೊಟ್ಟಿಲಿನ ಕೂಸೂ ಅಳುವುದನ್ನು ಹೆರಿಗೆ ಆಸ್ಪತ್ರೆಗಳಲ್ಲಿ ನೋಡಬಹುದು. ಇನ್ನೊಬ್ಬರ ನೋವಿಗೆ ಓಗೊಡುವ ಬೀಜವು ನಮ್ಮೊಳಗೆ ಹುಟ್ಟಿನಿಂದಲೇ ಇದೆ ಎಂಬುದಕ್ಕೆ ಇದೊಂದು ಸೂಚನೆ. ಪ್ರಾಣಿಗಳಲ್ಲಿಯೂ ಈ ಬೀಜ ಉಂಟು. ಅಮೇರಿಕೆಯ ಚಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಇಲಿಯನ್ನು ಕಿರಿದಾದ ನಳಿಗೆಯಲ್ಲಿ ಕೂಡಿಹಾಕಿ ಅದರ ಜೊತೆಗಾರ ಇಲಿಯನ್ನು ಹೊರಗೆ ಬಿಟ್ಟಿದ್ದರು. ಹೊರಗಿನ ಇಲಿಯು ದಿನಗಟ್ಟಲೆ ಹೆಣಗಿ ನಳಿಗೆಯ ಬಾಗಿಲು ತೆರೆಯುವುದನ್ನು ಕಲಿತು ಜೊತೆಗಾರನನ್ನು ಬಿಡಿಸಿತು. ಇನ್ನೊಂದು ನಳಿಗೆಯಲ್ಲಿ ಚಾಕೊಲೇಟ್ ಇಟ್ಟಾಗಲೂ ಅನೇಕ ಇಲಿಗಳು ಎರಡನ್ನೂ ತೆರೆದು, ತಿಂಡಿಯಲ್ಲಿ ಪಾಲು ಉಳಿಯುವಂತೆ ಮಾಡಿದವು.

ಬೀಜವಿದ್ದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಅದಕ್ಕೆ ನೀರೆರೆಯುವುದು ಕಲ್ಪನೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಆಡಮ್ ಸ್ಮಿತ್‌ನನ್ನು ಅರ್ಥಶಾಸ್ತ್ರದ ಪಿತಾಮಹನೆಂದು ನಾವು ಓದುತ್ತೇವೆ. ಅವನ ಮೊದಲ ದೊಡ್ಡ ಗ್ರಂಥ ಹೊರಬಂದುದು 1759ರಲ್ಲಿ. ಅದರ ವಿಷಯ ಹಣವಲ್ಲ, ಮನುಷ್ಯನ ನೈತಿಕ ಭಾವನೆಗಳು. ಇನ್ನೊಬ್ಬನ ನೋವು ನಮ್ಮ ಮೈಗೆ ತಾಗಲಾರದು. ಕಲ್ಪನೆಯಿಂದ ಅವನ ಸ್ಥಾನದಲ್ಲಿ ನಮ್ಮನ್ನು ಇಟ್ಟು ನೋಡಿದಾಗ ಮಾತ್ರ ಅದು ನಮಗೆ ತಿಳಿಯುತ್ತದೆ ಎಂಬುದು ಅವನ ವಾದದ ತಿರುಳು. ನಮ್ಮ ಗಾದೆಯೊಂದು ಇದನ್ನೇ ನಾಲ್ಕು ಮಾತಿನಲ್ಲಿ ಹೇಳುತ್ತದೆ: ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬೆಕ್ಕು ಇಲಿಯಾಗಿ ಯೋಚಿಸಲಾರದು. ಮನುಷ್ಯನು ಯೋಚಿಸಬಲ್ಲನು. ವರ್ಗದಲ್ಲಿ ಒಬ್ಬನಿಗೆ ಅಡ್ಡಹೆಸರಿಟ್ಟು ನಗುವ ಹತ್ತು ಮಂದಿಗೆ ಅದು ಆಟ. ಆ ಒಬ್ಬನಿಗೆ ಅದು ಶಾಲೆಯನ್ನೇ ಬಿಡಿಸುವಂಥ ಸಂಕಟ.

ವಿಶ್ರಾಂತಿಗೆ ಬಂದವರು

ಸಹಾನುಭೂತಿಯು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಗೋವೆಯ ಚರಿತ್ರೆಯಲ್ಲಿಯೇ ಉತ್ತಮ ನಿದರ್ಶನವಿದೆ. ಮಡಗಾಂವಿನ ಲೋಹಿಯಾ ಮೈದಾನವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಪಣಜಿಯ ಒಂದು ಮುಖ್ಯ ರಸ್ತೆಗೆ ಜೂನ್ 18 ಎಂಬ ದಿನದ ಹೆಸರೇ ಇದೆ. ಇವೆರಡೂ ಒಂದೇ ಘಟನೆಯ ನೆನಪುಗಳು.

ಡಾ. ರಾಮಮನೋಹರ ಲೋಹಿಯಾ ಅವರು ಉತ್ತರಪ್ರದೇಶದಲ್ಲಿ ಹುಟ್ಟಿದವರು. ಅವರಿಗೆ ಗೋವೆಯಲ್ಲಿ ಮನೆಯಿರಲಿಲ್ಲ, ಹೊಲವಿರಲಿಲ್ಲ. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಸೆರೆಸಿಕ್ಕಿ, ಲಾಹೋರಿನ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿ, 1946ರಲ್ಲಿ ಬಿಡುಗಡೆಯಾದಾಗ ಅವರ ದೇಹಸ್ಥಿತಿ ಬಹಳ ಕೆಟ್ಟಿತ್ತು. ಬರ್ಲಿನ್ನಿನಲ್ಲಿ ಓದುತ್ತಿದ್ದ ಕಾಲದ ಗೆಳೆಯರಾದ ಡಾ. ಜೂಲಿಯಾಂವ್ ಮೆನೇಜಿಸ್ ಅವರು ದಕ್ಷಿಣ ಗೋವೆಯ ಅಸ್ಸೋಳ್ಣಾದಲ್ಲಿದ್ದರು. ಅವರ ಮನೆಗೆ ಲೋಹಿಯಾ ವಿಶ್ರಾಂತಿಗೆಂದು ಬಂದರು.

ಆಗ ಗೋವೆಯು ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಮದುವೆಯ ಆಮಂತ್ರಣಪತ್ರವನ್ನು ಅಚ್ಚು ಹಾಕಿಸಲಿಕ್ಕೂ ಸರ್ಕಾರದ ಪರವಾನಿಗೆ ಬೇಕಾಗಿತ್ತು. ಲೋಹಿಯಾರನ್ನು ನೋಡಲು ಬಂದ ಗೋವೆಯ ಜನರು ಇದನ್ನೆಲ್ಲ ಅವರ ಮುಂದೆ ತೋಡಿಕೊಂಡರು. ರೋಗಿಯಾಗಿದ್ದ ಅತಿಥಿಯು "ನನ್ನ ಕಷ್ಟವೇ ನನಗೆ ಸಾಕಾಗಿದೆ" ಎಂದು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ 1946ರ ಜೂನ್ 18ರಂದು, ಸುರಿಯುವ ಮಳೆಯಲ್ಲಿ, ಅವರು ಮೆನೇಜಿಸ್ ಅವರೊಡನೆ ಮಡಗಾಂವಿನ ಸಭೆಗೆ ಹೋದರು. ಪಿಸ್ತೂಲು ತೆಗೆದ ಅಧಿಕಾರಿಯ ಕೈಯನ್ನು ಹಿಡಿದು ಸರಿಸಿ ಮಾತಾಡತೊಡಗಿದರು. ಇಬ್ಬರ ಬಂಧನವೂ ಆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೋಹಿಯಾ ಪುನಃ ಗೋವೆಗೆ ಬಂದಾಗ ಕುಳೆ ನಿಲ್ದಾಣದಲ್ಲಿಯೇ ಹಿಡಿದು ಆಗ್ವಾದ ಕೋಟೆಯಲ್ಲಿ ಇಟ್ಟರು. ಅಂದು ಹತ್ತಿದ ಕಿಡಿಯು ಮುಂದೆ 1961ರ ಡಿಸೆಂಬರ್ 19ರಂದು ಗೋವೆಯ ವಿಮೋಚನೆಯಾಗುವವರೆಗೆ ಆರಲಿಲ್ಲ.

ಈ ಹೋರಾಟದಲ್ಲಿ ಗೋವೆಯವರ ಜೊತೆ ಹೊರಗಿನವರೂ ಹೆಗಲು ಕೊಟ್ಟರು. ಬೆಳಗಾವಿಯು ಗೋವೆಯ ಹೋರಾಟಗಾರರಿಗೆ ಆಶ್ರಯದ ಊರಾಗಿತ್ತು. 1955ರ ಆಗಸ್ಟ್ 15ರಂದು ಭಾರತದ ನಾನಾ ಪ್ರಾಂತಗಳ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವೆಯ ಗಡಿಯನ್ನು ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಪತ್ರಾದೇವಿಯ ಗಡಿಯಲ್ಲಿ ಮಡಿದ ಕರ್ನೈಲ್ ಸಿಂಗ್ ಪಂಜಾಬಿನ ತರುಣ. ಧ್ವಜ ಹಿಡಿದು ನಡೆದು ಗುಂಡೇಟು ತಿಂದ ಸಹೋದ್ರಾ ಬಾಯಿ ರಾಯ್ ಮಧ್ಯಪ್ರದೇಶದ ಮಹಿಳೆ. ಇವರಿಗೆ ಕೊಂಕಣಿಯ ಒಂದು ಮಾತೂ ತಿಳಿದಿರಲಿಕ್ಕಿಲ್ಲ. ನೋವನ್ನು ತಿಳಿಯಲು ಭಾಷೆಯ ಅಡ್ಡಿ ಇರಲಿಲ್ಲ.

ಲೋಹಿಯಾರ ಹೆಸರು ಕನ್ನಡಿಗರಿಗೂ ಹತ್ತಿರವಾದುದು. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅಳತೆಯು ಅಲ್ಲಿ ಜಗಳದ ಮೂಲವಾಗಿತ್ತು. ಅಳೆದು ಕೊಡುವ ರೈತನಿಗೆ ಆ ಕೊಳಗದಲ್ಲಿ ತನ್ನ ಮಕ್ಕಳ ಅನ್ನವೇ ಹೋಗುತ್ತಿತ್ತು. ಎಚ್. ಗಣಪತಿಯಪ್ಪ ಮೊದಲಾದವರು ನಡೆಸಿದ ಆ ಹೋರಾಟಕ್ಕೆ ಲೋಹಿಯಾ ಬಂದು ಅಲ್ಲಿಯೂ ಬಂಧನಕ್ಕೊಳಗಾದರು. ಮುಂದೆ 1974ರಲ್ಲಿ ದೇವರಾಜ ಅರಸರ ಸರ್ಕಾರವು ಭೂಸುಧಾರಣೆಯ ಕಾನೂನನ್ನು ಬಿಗಿಗೊಳಿಸಿ ಉಳುವವನಿಗೆ ಭೂಮಿಯ ಹಕ್ಕನ್ನು ಕೊಟ್ಟಿತು. ಮಡಗಾಂವಿನಲ್ಲಿ ಆಗಲಿ ಕಾಗೋಡಿನಲ್ಲಿ ಆಗಲಿ ಲೋಹಿಯಾ ಅವರು ದೂರದಿಂದ ಪತ್ರ ಬರೆದು ಸುಮ್ಮನಾಗಲಿಲ್ಲ; ಬಂದು ಜೊತೆಗೆ ನಿಂತರು.

ಬೆಲೆ ತೆತ್ತ ಸಹಾನುಭೂತಿ

ಸಹಾನುಭೂತಿಗೆ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ. ಇದಕ್ಕೆ ಕುದ್ಮುಲ್ ರಂಗರಾಯರ ಬಾಳೇ ಸಾಕ್ಷಿ. 1859ರಲ್ಲಿ ಇಂದಿನ ಕಾಸರಗೋಡಿನ ಕಡೆಯ ಕುದ್ಮುಲ್ ಎಂಬಲ್ಲಿ ಹುಟ್ಟಿದ ಅವರು ಸಾರಸ್ವತ ಬ್ರಾಹ್ಮಣರು. ಈ ಸಮಾಜದ ಪೂರ್ವಿಕರು ಗೋವೆಯಿಂದ ಕರಾವಳಿಯ ದಕ್ಷಿಣಕ್ಕೆ ಬಂದು ನೆಲೆಸಿದವರು. ಮಂಗಳೂರಿನಲ್ಲಿ ವಕೀಲರಾಗಿದ್ದ ರಂಗರಾಯರು, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದರು. 1897ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು.

ಆ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ. ಸ್ವಂತ ಜಾತಿಯವರೇ ಅವರನ್ನು ಬಹಿಷ್ಕರಿಸಿದರು. ಆದರೂ ಅವರು ಹಿಮ್ಮೆಟ್ಟಲಿಲ್ಲ. ಬಡ ಪಾಲಕರು ಮಕ್ಕಳನ್ನು ಕೂಲಿಗೆ ಕಳಿಸದೆ ಶಾಲೆಗೆ ಕಳಿಸಬೇಕಾದರೆ ಆ ದಿನದ ಕೂಲಿಯ ನಷ್ಟವನ್ನೂ ಯೋಚಿಸಬೇಕೆಂದು ಅವರಿಗೆ ತಿಳಿದಿತ್ತು. ಅದಕ್ಕಾಗಿ ಶಾಲೆಗೆ ಬಂದ ಮಕ್ಕಳಿಗೆ ಪುಡಿಕಾಸು ಕೊಡುವ ಏರ್ಪಾಡು ಮಾಡಿದರು. "ಶಿಕ್ಷಣ ಒಳ್ಳೆಯದು" ಎಂದು ಉಪದೇಶ ಮಾಡುವುದು ಸುಲಭ. ಉಪದೇಶ ಕೇಳುವವನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ನೋಡುವುದು ಕಷ್ಟ. ರಂಗರಾಯರು ಆ ಒಲೆಯನ್ನು ನೋಡಿದರು. ದಲಿತ ಮಕ್ಕಳು ಓದಿ ಉನ್ನತ ಹುದ್ದೆಗೇರಿ ತಮ್ಮೂರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನವರು ಇಂದಿಗೂ ನೆನೆಯುತ್ತಾರೆ. ತಾನು ಕೊಟ್ಟವನು, ಅವರು ತೆಗೆದುಕೊಂಡವರು ಎಂಬ ಭಾವನೆಯಿದ್ದವನಿಗೆ ಇಂಥ ಆಸೆ ಹುಟ್ಟಲಾರದು. 1928ರಲ್ಲಿ ಅವರು ತೀರಿಕೊಂಡರು.

ಜ್ಞಾನವೂ ಬೇಕು

ಮೃದು ಹೃದಯವೊಂದೇ ಇದ್ದರೆ ಸಾಲದು, ತಿಳಿವಳಿಕೆಯೂ ಬೇಕು. ಕುಷ್ಠರೋಗವನ್ನೇ ನೋಡಿರಿ. ಸಾವಿರಾರು ವರ್ಷ ಅದನ್ನು ಪಾಪದ ಫಲವೆಂದು ತಿಳಿದು ರೋಗಿಗಳನ್ನು ಊರಾಚೆಗೆ ಅಟ್ಟಿದರು. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಅವರು ಅದು ಒಂದು ಬಗೆಯ ರೋಗಾಣುವಿನಿಂದ ಬರುವ ಕಾಯಿಲೆಯೆಂದು ತೋರಿಸಿದರು. ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಡಾ. ಫ್ರೋಯಿಲಾನೊ ಡಿ ಮೆಲ್ಲೊ ಅವರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸರು. ಪಣಜಿಯ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದವರು. 1930ರ ದಶಕದಲ್ಲಿ ಅವರು ಮಾಕಾಜಾಣದಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಜನರು ಹತ್ತಿರ ಹೋಗಲೂ ಹೆದರುತ್ತಿದ್ದಾಗ ರೋಗವನ್ನು ಬಲ್ಲ ವಿಜ್ಞಾನಿಯು ಹತ್ತಿರ ಹೋದನು. 1980ರ ದಶಕದಿಂದ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿದ್ದು, ಈ ರೋಗ ಪೂರ್ತಿ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧವು ಉಚಿತ. ಇಷ್ಟು ತಿಳಿದ ಮೇಲೂ ರೋಗಿಯನ್ನು ದೂರವಿಡುವವನ ತೊಂದರೆ ರೋಗಾಣುವಿನದಲ್ಲ, ಅಜ್ಞಾನದ್ದು.

ಯಾವುದು ಅಡ್ಡಿ?

ನಮ್ಮಲ್ಲಿ ಹುಟ್ಟಿನಿಂದ ಇರುವ ಈ ಗುಣವು ಬೇಕಾದಾಗ ಏಕೆ ಕೈಕೊಡುತ್ತದೆ? ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಅವಸರ. ಅಮೇರಿಕೆಯ ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆಸಿದ ಒಂದು ಪ್ರಯೋಗವು 1973ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಉಪನ್ಯಾಸ ಮಾಡಬೇಕಾಗಿತ್ತು. ದಾರಿಯಲ್ಲಿ ಒಬ್ಬ ಮನುಷ್ಯನು ಕುಸಿದು ಕುಳಿತು ಕೆಮ್ಮುತ್ತಿರುವಂತೆ ಏರ್ಪಾಡು ಮಾಡಿದ್ದರು. ಅವಸರವಿಲ್ಲದವರಲ್ಲಿ ಶೇಕಡಾ 63ರಷ್ಟು ಮಂದಿ ನಿಂತು ವಿಚಾರಿಸಿದರು. "ಬೇಗ ಹೋಗಿ, ಆಗಲೇ ತಡವಾಗಿದೆ" ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇಕಡಾ 10 ಮಾತ್ರ. ಅವರಲ್ಲಿ ಕೆಲವರು ಹೋಗುತ್ತಿದ್ದುದು ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾವಂತನ ಕಥೆಯ ಬಗ್ಗೆಯೇ ಮಾತಾಡಲು! ಅವರು ಕೆಟ್ಟವರೆಂದು ಹೇಳಲಾಗದು. ಅವಸರವು ಒಳ್ಳೆಯವರ ಕಣ್ಣಿಗೂ ಪಟ್ಟಿ ಕಟ್ಟುತ್ತದೆ.

ಎರಡನೆಯದು ಭಯ. ರಸ್ತೆಯಲ್ಲಿ ಅಪಘಾತವಾದಾಗ ಗುಂಪು ಸೇರುತ್ತದೆ, ಆದರೆ ಗಾಯಾಳುವನ್ನು ಎತ್ತುವವರು ಕಡಿಮೆ. ಪೋಲೀಸರು, ಕೋರ್ಟು, ಸಾಕ್ಷಿ ಎಂಬ ಹೆದರಿಕೆಯೇ ಇದಕ್ಕೆ ಕಾರಣ. ಈ ಹೆದರಿಕೆಯನ್ನು ನೀಗಿಸಲು 2016ರಲ್ಲಿ ಸುಪ್ರೀಂ ಕೋರ್ಟು ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮನ್ನು ಸೇರಿಸಲಾಯಿತು. ಅದರಂತೆ, ಪ್ರತಿಫಲ ಬಯಸದೆ ಸದುದ್ದೇಶದಿಂದ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ವಿಳಾಸ ಹೇಳೆಂದು ಅವನನ್ನು ಒತ್ತಾಯಿಸುವಂತಿಲ್ಲ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಪಾಲಕರು ಈ ವಿಷಯವನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಮೂರನೆಯದು "ಅವರು ಬೇರೆ, ನಾವು ಬೇರೆ" ಎಂಬ ಭಾವನೆ. ಇದು ಎಲ್ಲಕ್ಕಿಂತ ದೊಡ್ಡ ಅಡ್ಡಿ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅಗತ್ಯ, ಏಕೆಂದರೆ ಇದು ನಮ್ಮ ಮನೆಬಾಗಿಲಿನ ಸಂಗತಿ.

ಘಟ್ಟದ ದಾರಿ

2011ರ ಜನಗಣತಿಯ ಪ್ರಕಾರ ಗೋವೆಯ ಜನಸಂಖ್ಯೆಯಲ್ಲಿ ಶೇಕಡಾ 4ಕ್ಕೂ ಹೆಚ್ಚು ಮಂದಿಯ ಮಾತೃಭಾಷೆ ಕನ್ನಡ. ವಾಸ್ಕೋ, ಝುವಾರಿನಗರ, ಮಡಗಾಂವ್, ಫೋಂಡಾ ಎಲ್ಲಿ ನೋಡಿದರೂ ಕನ್ನಡದ ಕುಟುಂಬಗಳಿವೆ. ಮಳೆ ಕೈಕೊಟ್ಟ ಬಯಲುಸೀಮೆಯಿಂದ ಘಟ್ಟ ಇಳಿದು ಬಂದ ನಮ್ಮವರು ಇಲ್ಲಿ ಕಟ್ಟಡ ಕಟ್ಟಿದರು, ಬಂದರಿನಲ್ಲಿ ಹೊರೆ ಹೊತ್ತರು, ರಸ್ತೆ ಹಾಕಿದರು, ಸಂತೆಯಲ್ಲಿ ತರಕಾರಿ ಮಾರಿದರು. ಇಲ್ಲಿಯ ಜನ ಕೆಲಸ ಕೊಟ್ಟರು, ಖೋಲಿ ಕೊಟ್ಟರು, ಹಬ್ಬಹುಣ್ಣಿಮೆಗೆ ಕರೆದರು. ಆದರೂ ಎಲ್ಲೋ ಒಮ್ಮೊಮ್ಮೆ ಬಸ್ಸಿನಲ್ಲಿಯೋ ಅಂಗಡಿಯಲ್ಲಿಯೋ "ಘಾಟಿ" ಎಂಬ ಮಾತು ಕಿವಿಗೆ ಬೀಳುವುದುಂಟು. ಘಟ್ಟದ ಮೇಲಿನವನು ಎಂಬುದಷ್ಟೇ ಆ ಪದದ ಅರ್ಥ. ಅರ್ಥದಲ್ಲಿ ವಿಷವಿಲ್ಲ, ಹೇಳುವ ಧಾಟಿಯಲ್ಲಿದೆ. ಬೆವರು ಸುರಿಸಿ ದುಡಿದ ತಂದೆಯ ಎದುರಿಗೇ ಆ ಮಾತನ್ನು ಕೇಳಿದ ಮಗನಿಗೆ ಅದು ಎಷ್ಟು ಚುಚ್ಚುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಘಟ್ಟ ಮತ್ತು ಕರಾವಳಿಯ ದಾರಿಯಲ್ಲಿ ಜನರು ಒಂದೇ ದಿಕ್ಕಿಗೆ ನಡೆದವರಲ್ಲ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಗೋವೆಯಲ್ಲಿ ಬಾಳು ಕಷ್ಟವಾಯಿತು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಾಲಯ ಆರಂಭವಾಯಿತು. ಅದರ ಮೇಲೆ ತೆರಿಗೆ, ಯುದ್ಧ, ಬರ, ರೋಗರುಜಿನಗಳು ಬೇರೆ. ಆಗ ಹಿಂದೂಗಳೂ ಕ್ರೈಸ್ತರೂ ಗಂಟುಮೂಟೆ ಕಟ್ಟಿಕೊಂಡು ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರುಗಳ ಕಡೆಗೆ ಹೊರಟರು. ಕನ್ನಡ ನಾಡಿನ ಅರಸರು, ವಿಶೇಷವಾಗಿ ಕೆಳದಿಯ ನಾಯಕರು, ಅವರಿಗೆ ನೆಲೆ ಕೊಟ್ಟರು. ಒಳ್ಳೆಯ ಕೃಷಿಕರೆಂದು ತಿಳಿದು ಭೂಮಿಯನ್ನೂ ಕೊಟ್ಟರು. ಇಂದು ಕರಾವಳಿ ಕರ್ನಾಟಕದ ಕೊಂಕಣಿ ಮಾತಾಡುವ ಎಷ್ಟೋ ಮನೆತನಗಳ ಮೂಲ ಹೀಗೆ ಗೋವೆಯಲ್ಲಿದೆ. ಅಂದು ಅವರು ವಲಸೆಗಾರರು, ಇಂದು ನಾವು. ಕಾಲಚಕ್ರ ಉರುಳುತ್ತದೆ, ಗಂಟು ಹೊತ್ತು ನಡೆಯುವವನ ಕಾಲಿನ ನೋವು ಮಾತ್ರ ಅದೇ ಆಗಿರುತ್ತದೆ.

ಈ ಚರಿತ್ರೆಯನ್ನು ಹೇಳಿದ ಉದ್ದೇಶ "ನಾವು ಅಂದು ಉಪಕಾರ ಮಾಡಿದ್ದೆವು, ಈಗ ನೀವು ಮಾಡಿ" ಎಂದು ಲೆಕ್ಕ ಕೇಳುವುದಕ್ಕಲ್ಲ. ಲೆಕ್ಕ ಇಟ್ಟರೆ ಅದು ಸಹಾನುಭೂತಿಯಾಗದು, ವ್ಯಾಪಾರವಾದೀತು. ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇಲ್ಲಿದೆ. ಇತ್ತೀಚೆಗೆ ಗೋವೆಗೆ ಒಡಿಶಾ, ಝಾರ್ಖಂಡ, ಬಿಹಾರಗಳಿಂದಲೂ ದುಡಿಯುವ ಜನ ಬರುತ್ತಿದ್ದಾರೆ. ಅವರ ಮಾತು ನಮಗೆ ತಿಳಿಯದು. ಅವರ ಊಟ, ಉಡುಪು ಬೇರೆ. ಅವರನ್ನು ಕಂಡಾಗ ನಮ್ಮ ಬಾಯಿಂದ ಯಾವ ಮಾತು ಬರುತ್ತದೆ? ನಮ್ಮನ್ನು ಚುಚ್ಚಿದಂಥದೇ ಒಂದು ಪದವನ್ನು ನಾವು ಅವರಿಗಾಗಿ ಹುಡುಕಿಟ್ಟುಕೊಂಡಿದ್ದೇವೆಯೆ? ಊರಿನಿಂದ ಹೊಸದಾಗಿ ಬಂದು ಎಂಟನೆಯ ವರ್ಗಕ್ಕೆ ಸೇರಿದ ನಮ್ಮದೇ ಕನ್ನಡದ ಹುಡುಗಿಗೆ ಕೊಂಕಣಿ ಬಾರದೆಂದು, ಅವಳ ಮಾತು ಒರಟೆಂದು ನಾವು ನಗುತ್ತೇವೆಯೆ? ನಮ್ಮಂಥವರ ನೋವಿಗೆ ಮರುಗುವುದು ಸುಲಭ. ನಮಗಿಂತ ಬೇರೆಯಾದವರ ನೋವು ನಮಗೆ ತಾಗುತ್ತದೆಯೇ ಎಂಬುದೇ ಸಹಾನುಭೂತಿಯ ನಿಜವಾದ ಪರೀಕ್ಷೆ. ಒಮ್ಮೆ ನೊಂದವರು ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಬೇಕು.

ಒಂದು ಎಚ್ಚರಿಕೆ

ಸಹಾನುಭೂತಿ ಎಂದರೆ ಎಲ್ಲದಕ್ಕೂ ಹೂಂಗುಟ್ಟುವುದಲ್ಲ. ಪರೀಕ್ಷೆಯಲ್ಲಿ ಗೆಳೆಯನು "ನಾನು ಓದಿಲ್ಲ, ನಿನ್ನ ಉತ್ತರಪತ್ರಿಕೆ ತೋರಿಸು" ಎಂದರೆ ತೋರಿಸುವುದು ಸಹಾನುಭೂತಿಯಲ್ಲ. ಪರೀಕ್ಷೆಗೆ ಮೊದಲು ಒಂದು ವಾರ ಅವನ ಜೊತೆ ಕುಳಿತು ಗಣಿತ ಹೇಳಿಕೊಡುವುದು ಸಹಾನುಭೂತಿ. ದುಶ್ಚಟಕ್ಕೆ ಬಿದ್ದವನನ್ನು ಮನುಷ್ಯನೆಂದು ಕಾಣಬೇಕು. ಅವನ ಚಟಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಕೊಡುವ ರೀತಿಯಲ್ಲಿಯೂ ಎಚ್ಚರ ಬೇಕು. ಬಡ ವಿದ್ಯಾರ್ಥಿಗೆ ಪುಸ್ತಕ ಕೊಟ್ಟು, ಅವನನ್ನು ಎಲ್ಲರೆದುರು ನಿಲ್ಲಿಸಿ ಫೋಟೋ ತೆಗೆಸಿದರೆ ಪುಸ್ತಕದ ಉಪಕಾರಕ್ಕಿಂತ ಅವಮಾನದ ಭಾರವೇ ಹೆಚ್ಚಾದೀತು. ಬಲಗೈಯಿಂದ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳಿದ್ದು ಪಡೆಯುವವನ ಮಾನವನ್ನು ಕಾಯುವುದಕ್ಕಾಗಿ. ಸಾಧ್ಯವಾದರೆ ಪಡೆಯುವವನಿಂದಲೂ ನಾವು ಏನಾದರೂ ಪಡೆಯಬೇಕು. ಅವನಿಗೆ ಪುಸ್ತಕ ಕೊಟ್ಟೆವೆ? ಅವನಿಂದ ಈಜು ಕಲಿಯೋಣ, ಅವನ ತಾಯಿ ಬಡಿದ ರೊಟ್ಟಿಯ ರುಚಿ ನೋಡೋಣ.

ನಾವೇನು ಮಾಡಬಹುದು?

ವಿದ್ಯಾರ್ಥಿಗಳೇ, ಲೋಹಿಯಾ ಅವರಂತೆ ಸೆರೆಮನೆಗೆ ಹೋಗಬೇಕಾಗಿಲ್ಲ, ರಂಗರಾಯರಂತೆ ಬಹಿಷ್ಕಾರಕ್ಕೆ ಒಳಗಾಗಬೇಕಾಗಿಲ್ಲ. ನಿಮ್ಮ ಕೈಯಳತೆಯಲ್ಲಿರುವ ಕೆಲಸಗಳು ಬೇಕಾದಷ್ಟಿವೆ. ಮಾತಾಡುವವನ ಮಾತನ್ನು ನಡುವೆ ಕತ್ತರಿಸದೆ ಪೂರ್ತಿ ಕೇಳಿರಿ. ಯಾರಿಗಾದರೂ ನೆರವು ಕೊಡುವ ಮುಂಚೆ "ನಿನಗೆ ಏನು ಬೇಕು?" ಎಂದು ವಿಚಾರಿಸಿರಿ. ಕುರುಡರನ್ನು ರಸ್ತೆ ದಾಟಿಸುವಾಗ ಎಳೆದುಕೊಂಡು ಹೋಗಬೇಡಿ. ಕೇಳಿ, ನಿಮ್ಮ ತೋಳನ್ನು ಅವರು ಹಿಡಿಯುವಂತೆ ಕೊಡಿ. ದಿನಕ್ಕೊಮ್ಮೆಯಾದರೂ ಅವಸರವನ್ನು ಬಿಟ್ಟು ಸುತ್ತ ನೋಡಿರಿ. ಮಧ್ಯಾಹ್ನ ಒಬ್ಬಂಟಿಯಾಗಿ ಬುತ್ತಿ ಬಿಚ್ಚುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿರಿ. ಕಥೆ ಕಾದಂಬರಿಗಳನ್ನು ಓದಿರಿ. ನೀವು ಎಂದೂ ಕಾಣದವರ ಮನಸ್ಸಿನೊಳಗೆ ಇಳಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಪಾಲಕರಲ್ಲಿಯೂ ಒಂದು ವಿನಂತಿ. ಮಕ್ಕಳು ನಾವು ಹೇಳಿದ್ದನ್ನು ಮಾಡುವುದಿಲ್ಲ, ನಾವು ಮಾಡಿದ್ದನ್ನು ಮಾಡುತ್ತಾರೆ. ಮನೆಗೆ ಬಂದ ಕೆಲಸದಾಕೆಗೆ, ಗಾಡಿಯ ಮೇಲೆ ಹಣ್ಣು ಮಾರುವವನಿಗೆ, ನೆರೆಮನೆಯ ಪರಭಾಷೆಯವರಿಗೆ ನಾವು ಆಡುವ ಮಾತನ್ನು ಅವರು ಮೂಲೆಯಲ್ಲಿ ಕುಳಿತು ಕೇಳುತ್ತಿರುತ್ತಾರೆ. ಮಗನು ಶಾಲೆಯಿಂದ ಬಂದಾಗ "ಎಷ್ಟು ಅಂಕ ಬಂತು?" ಎಂದು ಕೇಳುವುದು ಸರಿಯೇ. ಅದರ ಜೊತೆಗೆ "ಇವತ್ತು ಯಾರಿಗೆ ಸಹಾಯ ಮಾಡಿದೆಪ್ಪಾ?" ಎಂದೂ ಕೇಳಿದರೆ, ಈ ಎರಡನೆಯದೂ ಒಂದು ಮುಖ್ಯವಾದ ವಿಷಯವೆಂದು ಅವನಿಗೆ ತಿಳಿಯುತ್ತದೆ.

ವಿದ್ಯೆಯಿಂದ ನೌಕರಿ ಸಿಗಬಹುದು, ದುಡಿಮೆಯಿಂದ ಮನೆ ಕಟ್ಟಬಹುದು. ಆದರೆ ನೆರೆಯವನ ಮನೆಯಲ್ಲಿ ಒಲೆ ಉರಿಯದಿದ್ದ ದಿನ ನಮ್ಮ ತುತ್ತು ಗಂಟಲಲ್ಲಿ ಇಳಿಯದಿದ್ದರೆ ಮಾತ್ರ ನಾವು ಕಲಿತದ್ದು ಸಾರ್ಥಕ. ಹೊರಗಿನಿಂದ ಬಂದವರೊಬ್ಬರು ಮಳೆಯಲ್ಲಿ ನೆನೆಯುತ್ತ ತಮ್ಮದಲ್ಲದ ಊರಿಗಾಗಿ ನಿಂತ ನೆಲವಿದು. ಈ ನೆಲದಲ್ಲಿ ಕನ್ನಡ ಕಲಿಯುತ್ತಿರುವ ನಾವು ಆ ಪಾಠವನ್ನೂ ಕೂಡಿಸಿ ಕಲಿಯೋಣ.